ವೇದಿಕೆಗಿಂತ ತಾಲೀಮು ದೊಡ್ಡದು

ಮಾನ್ಯ ಸಂಪಾದಕರೇ,

ಸಂಗೀತ, ಚಿತ್ರಕಲೆ, ನಾಟಕಗಳಿಂದ ಆಟಿಸಂ ಇರುವ ಮಕ್ಕಳಲ್ಲಿ ‘ಪವಾಡಸದೃಶ’ ಬದಲಾವಣೆಯಾಯಿತೆಂಬ ಬರಹಗಳು ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಇಂಥ ಮಕ್ಕಳೊಂದಿಗೆ ಹಲವು ವರ್ಷ ನಾಟಕದ ತಾಲೀಮು ನಡೆಸಿರುವ ನನಗೆ ಅವನ್ನು ಓದಿದಾಗಲೆಲ್ಲ ಇರಿಸುಮುರಿಸಾಗುತ್ತದೆ. ಕಲೆಯಿಂದ ಪ್ರಯೋಜನವಿಲ್ಲವೆಂದಲ್ಲ, ಅದನ್ನು ಅಳೆಯುವ ಕೋಲೇ ತಪ್ಪಾಗಿದೆ.

ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಗುವಿನ ಜತೆಗೂಡಿ ಆಶುವಾಗಿ ನುಡಿಸುವ ಸಂಗೀತ ಚಿಕಿತ್ಸೆಯನ್ನು ಐದು ತಿಂಗಳು ನೀಡಿದರೂ ಆಟಿಸಂ ಲಕ್ಷಣಗಳ ತೀವ್ರತೆ ಗಮನಾರ್ಹವಾಗಿ ತಗ್ಗಲಿಲ್ಲವೆಂದು ಹೇಳಿತು. ಇದರಿಂದ ನಿರಾಶರಾಗಬೇಕಿಲ್ಲ. ಬೇರೆ ಮಕ್ಕಳು ಹಾಡು ಕಲಿತಾಗ ಅವರ ಯಾವ ‘ಲಕ್ಷಣ’ ಕಡಿಮೆಯಾಯಿತೆಂದು ನಾವು ವಿಚಾರಿಸುವುದಿಲ್ಲವಲ್ಲ!

ಕಲೆ ಕೆಲಸ ಮಾಡುವ ಬಗೆ ಬೇರೆ. ಮಗು ಬಾರಿಸಿದ ಲಯವನ್ನೇ ದೊಡ್ಡವರು ಅನುಸರಿಸಿ, ಅದು ನಿಲ್ಲಿಸಿದಾಗ ತಾವೂ ನಿಲ್ಲಿಸುತ್ತಾ ಹೋದರೆ, ಒಂದು ದಿನ ಮಗು ಬೇಕೆಂದೇ ನಿಲ್ಲಿಸಿ ಕಾಯುತ್ತದೆ. ಮಾತಿಲ್ಲದ ಸಂಭಾಷಣೆ ಅಲ್ಲಿ ಶುರುವಾಗುತ್ತದೆ. ನಾಟಕದಲ್ಲಾದರೆ, ಎದುರಿನವರು ಮುಂದೇನು ಹೇಳುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ. ದಿನವೂ ಅದೇ ಜಾಗ, ಅದೇ ಮಾತು, ಅದೇ ಸರದಿ: ಇತರರಿಗೆ ಬೇಸರ ತರಿಸುವ ಈ ಪುನರಾವರ್ತನೆಯೇ ಅನೇಕ ಆಟಿಸ್ಟಿಕ್ ಮಕ್ಕಳಿಗೆ ನೆಲೆಯೂರುವ ನೆಲ.

ಆದರೆ ನಾಟಕದ ಹೆಸರಿನಲ್ಲಿ ‘ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ’ ಎಂದು ತಿದ್ದುವವರೂ ಇದ್ದಾರೆ. ಅದು ಅಭಿನಯ ಕಲಿಸಿದಂತಲ್ಲ, ದಿನವಿಡೀ ವೇಷ ಕಳಚದೆ ಬದುಕುವುದನ್ನು ಕಲಿಸಿದಂತೆ. ಆ ದಣಿವನ್ನು ಆಟಿಸಂ ಇರುವ ಅನೇಕ ವಯಸ್ಕರು ತಾವೇ ಹೇಳಿಕೊಂಡಿದ್ದಾರೆ.

ಶಬ್ದ, ಬೆಳಕುಗಳಿಗೆ ಅತಿಯಾಗಿ ಸ್ಪಂದಿಸುವುದೂ 2013ರಿಂದ ರೋಗನಿರ್ಣಯದ ಪ್ರಮುಖ ಕೈಪಿಡಿಯಲ್ಲಿ ಆಟಿಸಂನ ಮಾನದಂಡಗಳ ಪಟ್ಟಿಯಲ್ಲಿದೆ. ಹೀಗಿದ್ದೂ ನಾವು ಪ್ರಖರ ದೀಪ, ಕಿವಿಗಡಚಿಕ್ಕುವ ಧ್ವನಿವರ್ಧಕಗಳ ನಡುವೆ ಮಕ್ಕಳನ್ನು ನಿಲ್ಲಿಸುತ್ತೇವೆ. ತಾಲೀಮಿನಲ್ಲಿ ಒಂದು ಮಾತೂ ತಪ್ಪದ ನಮ್ಮ ಹುಡುಗನೊಬ್ಬ, ಪ್ರದರ್ಶನದ ದಿನ ಮೊದಲ ಚಪ್ಪಾಳೆಗೇ ಕಿವಿ ಮುಚ್ಚಿಕೊಂಡು ಪರದೆಯ ಹಿಂದೆ ಕುಳಿತುಬಿಟ್ಟ. ತಪ್ಪು ನಮ್ಮದಾಗಿತ್ತು. ಮುಂದಿನ ಸಲ ದೀಪಗಳನ್ನು ತಗ್ಗಿಸಿ, ಬಾಗಿಲು ತೆರೆದಿಟ್ಟು, ಚಪ್ಪಾಳೆಯ ಬದಲು ಕೈಗಳನ್ನು ಮೇಲೆತ್ತಿ ಬೀಸಬೇಕೆಂದು ಪ್ರೇಕ್ಷಕರನ್ನು ಕೋರಿದೆವು. ಆತ ಪೂರ್ತಿ ನಾಟಕ ಆಡಿದ. ಕೈ ಎತ್ತಲು ಸಂಕೋಚಪಟ್ಟವರು ಪ್ರೇಕ್ಷಕರೇ.

ಈ ವಿಷಯದ ಕುರಿತು ವರದಿ ಮಾಡುವ ಪತ್ರಕರ್ತರು, ಮಕ್ಕಳ ಮತ್ತು ಪೋಷಕರ ಒಪ್ಪಿಗೆ ಪಡೆದು, ಪ್ರದರ್ಶನಕ್ಕೆ ಬದಲಾಗಿ ಒಂದೆರಡು ತಾಲೀಮುಗಳಿಗೆ ಬಂದು ಕುಳಿತುಕೊಳ್ಳಲಿ. ಕ್ಯಾಮೆರಾದ ಫ್ಲ್ಯಾಶ್ ಮಾತ್ರ ಬೇಡ.

– ಒಬ್ಬ ರಂಗಶಿಕ್ಷಕಿ