ನಿವೃತ್ತರೇ, ಜಾಗ ನೋಡಲು ಡಿಸೆಂಬರಿನಲ್ಲಿ ಬರಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರು, ಮುಂಬಯಿಗಳಲ್ಲಿ ನೌಕರಿ ಮುಗಿಸಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆ ನೆಲೆಸುವ ಯೋಚನೆಯಲ್ಲಿರುವವರು ಹೆಚ್ಚಾಗಿ ಜಾಗ ನೋಡಲು ಬರುವುದು ಡಿಸೆಂಬರ್ ರಜೆಯಲ್ಲಿ. ಆಗ ತೋಡಿನಲ್ಲಿ ನೀರಿರುತ್ತದೆ, ತೋಟ ತಂಪಾಗಿರುತ್ತದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅಷ್ಟಕ್ಕೇ ಮನಸೋತು ಮುಂಗಡ ಕೊಟ್ಟುಬಿಡುತ್ತಾರೆ. ನಮ್ಮ ಊರನ್ನು ನೋಡಬೇಕಾದ ಕಾಲ ಎರಡು: ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಒಮ್ಮೆ, ಜುಲೈಯ ಜಡಿಮಳೆಯಲ್ಲಿ ಇನ್ನೊಮ್ಮೆ.

ಮೇ ತಿಂಗಳಲ್ಲಿ ನೋಡಬೇಕಾದದ್ದು ನೀರು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿನ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಇಳಿಜಾರಿನ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಹರಿದು ಸಮುದ್ರ ಸೇರುತ್ತದೆ. ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆದ ಸುರಂಗದಲ್ಲಿ ಜನವರಿಯಲ್ಲಿ ಕಂಡ ಧಾರೆ ಮೇಯಲ್ಲಿ ಬರೀ ತೊಟ್ಟಿಕ್ಕುತ್ತಿರಬಹುದು. ಅಳೆಯುವುದು ಕಷ್ಟವಲ್ಲ. ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ನಿಮಿಷ ಬೇಕು ನೋಡಿ. ಹದಿನೈದು ನಿಮಿಷವಾದರೆ ದಿನಕ್ಕೆ 960 ಲೀಟರ್. ತೊಟ್ಟಿ ಕಟ್ಟಿಕೊಂಡರೆ ಇಬ್ಬರ ಸಂಸಾರಕ್ಕೆ ಧಾರಾಳ. ಬಾವಿಯಾದರೆ ಪಂಪು ಹಾಕಿ ನೀರು ಇಳಿಸಿ, ಹಗ್ಗ ಬಿಟ್ಟು ಗುರುತು ಮಾಡಿ, ಮೂರು ಗಂಟೆ ಕಳೆದು ಮತ್ತೆ ಅಳೆಯಿರಿ. ಆರಡಿ ವ್ಯಾಸದ ಬಾವಿಯಲ್ಲಿ ನೀರು ಒಂದಡಿ ಏರಿದರೆ ಸುಮಾರು 800 ಲೀಟರ್ ಬಂದ ಲೆಕ್ಕ. ಈ ಪರೀಕ್ಷೆಯನ್ನು ನೆರೆಯವರ ಬೋರ್‌ವೆಲ್ ಓಡುತ್ತಿರುವ ಹೊತ್ತಿನಲ್ಲೇ ಮಾಡಬೇಕು. ಅದು ನಿಂತಿರುವಾಗ ಯಾವ ಬಾವಿಯೂ ಒಳ್ಳೆಯ ಬಾವಿಯೇ.

ಮನೆಗೆ ಸಾಲುವ ನೀರು ತೋಟಕ್ಕೆ ಸಾಲುವುದಿಲ್ಲ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಇನ್ನೂರು ಮರಕ್ಕೆ ಲೆಕ್ಕ ಹಾಕಿ ನೋಡಿ, ನಾಲ್ಕು ಸಾವಿರ ಲೀಟರಿನ ಹತ್ತಿರ ಹೋಗುತ್ತದೆ. ಅದಾದ ಮೇಲೆ ಮದ್ದು ಬಿಡುವ ಕೆಲಸ. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಕಳೆದು ಮತ್ತೊಮ್ಮೆ ಬಿಡಬೇಕು. ಎರಡನೆಯ ಮದ್ದಿಗೆ ಬಿಸಿಲು ಸಿಗುವ ನಾಲ್ಕು ದಿನವೇ ಊರಿನ ಎಲ್ಲ ತೋಟದವರಿಗೂ ಮರ ಹತ್ತುವವರು ಬೇಕು. ಹೊಸಬರ ಸರದಿ ಕೊನೆಗೆ. ಹಾಗಾಗಿ ಅರುವತ್ತು ದಾಟಿದವರಿಗೆ ನನ್ನ ಸಲಹೆ: ತೋಟದ ಆಸೆ ಬಿಡಿ, ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ 15–20 ಸೆಂಟ್ಸ್ ಜಾಗ, ಒಂದು ಮನೆ ನೋಡಿ. (ಕರ್ನಾಟಕದ ಗುಂಟೆ ಲೆಕ್ಕದವರಿಗೆ: ಎರಡೂವರೆ ಸೆಂಟ್ಸ್ ಅಂದರೆ ಒಂದು ಗುಂಟೆ.) ನಾಲ್ಕು ಬಾಳೆ, ಒಂದು ಬಸಳೆ ಚಪ್ಪರ ಅಷ್ಟರಲ್ಲೇ ಆಗುತ್ತದೆ.

ಜುಲೈಯಲ್ಲಿ ನೋಡಬೇಕಾದದ್ದು ದಾರಿ. ಮುಖ್ಯರಸ್ತೆಯಿಂದ ಅಂಗಳದವರೆಗೆ ಆಂಬ್ಯುಲೆನ್ಸ್ ಬಂದು ತಿರುಗಿ ಹೋಗುತ್ತದೆಯೇ? ಜೀಪು ಹತ್ತುವ ಗುಡ್ಡೆಯನ್ನು ಆಂಬ್ಯುಲೆನ್ಸ್ ಹತ್ತಬೇಕೆಂದಿಲ್ಲ. ಆ ದಾರಿ ಪಂಚಾಯತಿನದೋ, ಪಕ್ಕದ ತೋಟದವರು ಬಾಯಿಮಾತಿಗೆ ಬಿಟ್ಟದ್ದೋ ಎಂದೂ ಕೇಳಿ. ಬಾಯಿಮಾತಿನ ದಾರಿ ಪಾಲಾಗುವಾಗ ಮುಚ್ಚುತ್ತದೆ. ಮುರಕಲ್ಲಿನ ಮೆಟ್ಟಿಲಿಗೆ, ಬಾವಿಕಟ್ಟೆಗೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹಾವಸೆ ಕಟ್ಟುತ್ತದೆ. ವಯಸ್ಸಾದವರ ಸೊಂಟದ ಎಲುಬು ಮುರಿಯಲು ಅದೊಂದೇ ಸಾಕು. ಮೆಟ್ಟಿಲಿಗೆ ಕಬ್ಬಿಣದ ಹಿಡಿ, ಬಚ್ಚಲಿಗೆ ಜಾರದ ಹಾಸುಗಲ್ಲು ಹಾಕಿಸುವ ಖರ್ಚನ್ನು ಮನೆಯ ಕ್ರಯದಲ್ಲೇ ಸೇರಿಸಿಕೊಳ್ಳಿ. ಅರ್ಥ್ ಗುಂಡಿ ಪರೀಕ್ಷಿಸದ ಮನೆಯಲ್ಲಿ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಿಡಿಲಿಗೆ ಮೊದಲು ಹೋಗುವುದು ಇಂಟರ್‌ನೆಟ್ಟಿನ ಮೋಡೆಮ್, ಆಮೇಲೆ ಪಂಪಿನ ಸ್ಟಾರ್ಟರ್.

ಆಸ್ಪತ್ರೆಯ ವಿಚಾರದಲ್ಲಿ ಭ್ರಮೆ ಬೇಡ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಹೃದಯಾಘಾತಕ್ಕೆ ಇಂದಿಗೂ ಜನ ಓಡುವುದು ದೇರಳಕಟ್ಟೆಗೆ, ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೊನಾ ಭಯಕ್ಕೆ ಕರ್ನಾಟಕದವರು ತಲಪಾಡಿಯ ಗಡಿಗೆ ಮಣ್ಣು ಹಾಕಿ ರಸ್ತೆ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಗಡಿನಾಡಿಗೆ ಮರೆತಿಲ್ಲ. ಹೃದಯ, ಮೂತ್ರಪಿಂಡದ ತೊಂದರೆ ಈಗಾಗಲೇ ಇದ್ದವರು ಒಳನಾಡಿನ ಗುಡ್ಡೆಗಿಂತ ಮಂಜೇಶ್ವರ, ಉಪ್ಪಳ, ಕುಂಬಳೆ ನೋಡುವುದು ಒಳ್ಳೆಯದು. ರೈಲು, ಹೆದ್ದಾರಿ ಎರಡೂ ಇವೆ. ಇಲ್ಲಿನ ಒಳ್ಳೆಯದನ್ನೂ ಹೇಳಬೇಕು. ಹಾಸಿಗೆ ಹಿಡಿದವರ ಮನೆಗೇ ಬಂದು ಹುಣ್ಣು ತೊಳೆದು ಕಟ್ಟುವ, ಮೂತ್ರದ ನಳಿಗೆ ಬದಲಿಸುವ ಪಾಲಿಯೇಟಿವ್ ನರ್ಸ್‌ಗಳ ವ್ಯವಸ್ಥೆ ಕೇರಳದ ಪಂಚಾಯತುಗಳಲ್ಲಿದೆ. ದೊಡ್ಡ ನಗರದಲ್ಲಿ ದುಡ್ಡು ಕೊಟ್ಟರೂ ಅಂಥವರು ಸುಲಭಕ್ಕೆ ಸಿಗುವುದಿಲ್ಲ.

ಇನ್ನು ಕಾಗದಪತ್ರ. ಹಳೆಯ ಆಧಾರಗಳು (ಕ್ರಯಪತ್ರಗಳು) ಕನ್ನಡದಲ್ಲಿದ್ದರೂ ಈಚಿನವು ಮಲಯಾಳದಲ್ಲಿವೆ; ಓದಬಲ್ಲವರನ್ನು ಕೂರಿಸಿಕೊಂಡು ಓದಿಸಿ, ಮಾರುವವರ ಕಡೆಯವರಿಂದ ಬೇಡ. ಮುಂಗಡ ಕೊಡುವ ಮೊದಲು ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ ಜಾಗ ‘ಪುರಯಿಡಂ’ (ಮನೆ ಕಟ್ಟಬಹುದಾದ ಹಿತ್ತಿಲು) ಎಂದಿದೆಯೋ ‘ನಿಲಂ’ (ಗದ್ದೆ) ಎಂದಿದೆಯೋ ನೋಡಿ. ಕಣ್ಣಿಗೆ ಮೂವತ್ತು ವರ್ಷದ ಅಡಿಕೆ ತೋಟ ಕಂಡರೂ ದಾಖಲೆಯಲ್ಲಿ ಗದ್ದೆಯೆಂದೇ ಉಳಿದಿರಬಹುದು. 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಸುಮ್ಮನೆ ಮನೆ ಕಟ್ಟುವಂತಿಲ್ಲ. ಕಂದಾಯ ಅಧಿಕಾರಿಗಳಿಗೆ ಅರ್ಜಿ ಹಾಕಿ ಕಾಯಬೇಕು, ನಿವೃತ್ತರ ಬಳಿ ಇಲ್ಲದ್ದು ಆ ಸಮಯವೇ. ಋಣಭಾರ ಪತ್ರ, ಸ್ವಾಧೀನ ಪತ್ರ, ಈ ವರ್ಷದ ಭೂತೆರಿಗೆ ರಶೀದಿ, ಈ ಮೂರರಲ್ಲೂ ಸರ್ವೆ ನಂಬರು ಒಂದೇ ಇದೆಯೇ ನೋಡಿ; ರೀಸರ್ವೆಯಲ್ಲಿ ನಂಬರು ಬದಲಾದ ಕಡೆ ಗೊಂದಲ ಸಾಮಾನ್ಯ. ಬೇಲಿಯೊಳಗಿನ ಜಾಗವೆಲ್ಲ ಪಟ್ಟಾ ಜಾಗವೆಂದು ನಂಬದೆ ಅಳೆಯಿಸಿ. ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, ಮೂವತ್ತು ಲಕ್ಷದ ಜಾಗಕ್ಕೆ ಮೂರು ಲಕ್ಷ ಬೇರೆಯೇ ಇಟ್ಟುಕೊಳ್ಳಬೇಕು. ನೋಂದಣಿಯಾದ ಮೇಲೆ ತೆರಿಗೆ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡುವವರೆಗೆ ಕೆಲಸ ಮುಗಿದಿಲ್ಲ.

ಕರ್ನಾಟಕದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕೇರಳದ ನಂಬರು ಮಾಡಿಸಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಗಡಿಯಾಚೆಗಿಲ್ಲ. ಪೆನ್ಷನಿನ ಜೀವಿತ ಪ್ರಮಾಣಪತ್ರವನ್ನು ಮಾತ್ರ ಇಲ್ಲಿಂದಲೇ ಆನ್‌ಲೈನಿನಲ್ಲಿ ಕೊಡಬಹುದು.

ಸಾಧ್ಯವಿದ್ದವರು ಕೊಳ್ಳುವ ಮೊದಲು ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಲಿ, ಅದೂ ಜೂನಿನಿಂದ ಆರಂಭಿಸಿ. ಪತ್ರಿಕೆಯವರಿಗೆ ಒಂದು ಕೋರಿಕೆ: ಮನೆ-ಜಾಗದ ಜಾಹೀರಾತು ಕೊಡುವವರಿಂದ ‘ಪ್ರಶಾಂತ ಪರಿಸರ’ ಎಂಬ ಮಾತಿನ ಜೊತೆಗೆ ಮೇ ತಿಂಗಳ ನೀರಿನ ಸ್ಥಿತಿ, ಅಂಗಳದವರೆಗಿನ ದಾರಿಯ ಅಗಲ, ತೆರಿಗೆ ರಿಜಿಸ್ಟರಿನಲ್ಲಿರುವ ಜಾಗದ ವಿಧ, ಇವಿಷ್ಟನ್ನೂ ಬರೆಸಿಕೊಂಡು ಪ್ರಕಟಿಸಿ.

– ಒಬ್ಬ ಓದುಗ, ನೀರ್ಚಾಲು