ಸದ್ದಿರುವ ಕಡೆ ಕೆಲಸ ಮಾಡುವವರ ಗಮನಕ್ಕೆ

ಯುರೋಪಿನ ಕಾರ್ಖಾನೆ, ವರ್ಕ್‌ಶಾಪ್‌ಗಳಲ್ಲಿರುವ ಸದಸ್ಯರೇ, ಐರೋಪ್ಯ ಒಕ್ಕೂಟದ 2003ರ ಶಬ್ದ ನಿಯಮ ನಿಮ್ಮ ಕಿವಿಗಾಗಿಯೇ ಇದೆ. ದಿನದ 8 ಗಂಟೆಯ ಸರಾಸರಿ ಸದ್ದು 80 ಡೆಸಿಬಲ್ ಮೀರಿದರೆ ಮಾಲೀಕರು ಇಯರ್‌ಪ್ಲಗ್ ಅಥವಾ ಇಯರ್‌ಮಫ್ (ಕಿವಿಯನ್ನು ಹೊರಗಿನಿಂದ ಪೂರ್ತಿ ಮುಚ್ಚುವ ಸಾಧನ) ಒದಗಿಸಬೇಕು, ತರಬೇತಿಯನ್ನೂ ಕೊಡಬೇಕು. 85 ಮುಟ್ಟಿದರೆ ನೀವು ಅದನ್ನು ಹಾಕಲೇಬೇಕು. ಖರ್ಚು ಅವರದೇ. ಸಂಬಳದಲ್ಲಿ ಹಿಡಿದರೆ ದಯವಿಟ್ಟು ಸುಮ್ಮನಿರಬೇಡಿ, ಕಾರ್ಮಿಕ ಪ್ರತಿನಿಧಿಗೆ ತಿಳಿಸಿ.

ಸದ್ದು 3 ಡೆಸಿಬಲ್ ಏರಿದರೆ ಅದರ ಶಕ್ತಿ ಎರಡು ಪಟ್ಟು. ಹಾಗಾಗಿ 85ರಲ್ಲಿ 8 ಗಂಟೆ, 88ರಲ್ಲಿ 4 ಗಂಟೆ ಎರಡೂ ಒಂದೇ.

ಹೆಚ್ಚಿನವರು ತಪ್ಪುವುದು ಫೋಮ್ ಪ್ಲಗ್ ಹಾಕುವಾಗ. ಮೊದಲು ಕೈ ತೊಳೆಯಿರಿ. ಪ್ಲಗ್ಗನ್ನು ಮಡಿಕೆ ಬೀಳದಂತೆ ಸಣ್ಣ ಬತ್ತಿಯಾಗಿ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತೂರಿಸಿ, ಉಬ್ಬುವ ತನಕ ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಕಂಡರೆ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಕನ್ನಡಕ ಹಾಕುವವರಿಗೆ ಮಫ್‌ಗಿಂತ ಪ್ಲಗ್ಗೇ ವಾಸಿ: ಕನ್ನಡಕದ ಕಡ್ಡಿ ಮಫ್‌ನ ಅಂಚನ್ನು ಎತ್ತಿ ಸದ್ದಿಗೆ ದಾರಿ ಕೊಡುತ್ತದೆ.

ಮಾತಾಡಲೆಂದು ನಡುನಡುವೆ ತೆಗೆಯಬೇಡಿ. 30 ಡೆಸಿಬಲ್ ತಗ್ಗಿಸುವ ಪ್ಲಗ್ಗನ್ನು 8 ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೂ ಸಿಗುವ ರಕ್ಷಣೆ ಸುಮಾರು 12 ಡೆಸಿಬಲ್ ಮಾತ್ರ.