ಮಲಗಿ ‘ಕರೆಂಟ್’ ಕೊಡಿಸಿಕೊಂಡರೆ ಕಾಲು ನಡೆಯುವುದಿಲ್ಲ

ಮಾನ್ಯ ಸಂಪಾದಕರೇ,

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇರುವ ನನ್ನ ಮಗಳ ಬಲಗಾಲಿನ ಚಪ್ಪಲಿ ಮುಂದಿನ ತುದಿಯಲ್ಲಿ ಮಾತ್ರ ಸವೆಯುತ್ತದೆ. ಹೆಜ್ಜೆ ಎತ್ತುವಾಗ ಪಾದ ಮೇಲೇಳದೆ ಜೋತುಬಿದ್ದು ಬೆರಳುಗಳು ನೆಲಕ್ಕೆ ಉಜ್ಜುತ್ತವೆ. ಹೊಸ್ತಿಲಿಗೆ ಎಡವಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ‘ಕರೆಂಟ್ ಕೊಡಿಸಿ’ ಎಂದು ಹಲವರು ಹೇಳಿದ್ದರಿಂದ ನಮ್ಮೂರಿನ ಒಂದು ಚಿಕಿತ್ಸಾಲಯಕ್ಕೆ ಮೂರು ತಿಂಗಳು ಅಲೆದೆವು. ಅಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿ, ಸೊಂಟಕ್ಕೂ ತೊಡೆಗೂ ಪ್ಯಾಡ್ ಅಂಟಿಸಿ, ಇಪ್ಪತ್ತು ನಿಮಿಷ ಯಂತ್ರ ಓಡಿಸಿ ಕಳಿಸುತ್ತಿದ್ದರು. ಅದು ನೋವು ತಗ್ಗಿಸಲು ಕೊಡುವ ಕರೆಂಟ್, ಪಾದ ಎತ್ತಿಸುವ ಕರೆಂಟೇ ಬೇರೆ ಎಂದು ನಮಗೆ ತಿಳಿದದ್ದು ಬೆಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರಿಂದ. ಈ ಗೊಂದಲ ಬೇರೆ ಮನೆಗಳಲ್ಲೂ ಇರಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ.

ಎಂಎಸ್‌ನಲ್ಲಿ ಹಾನಿಯಾಗುವುದು ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಗೆ. ಅಲ್ಲಿಂದಾಚೆ ಕಾಲಿಗೆ ಇಳಿಯುವ ನರ ಮತ್ತು ಸ್ನಾಯು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಮೇಲಿನಿಂದ ಅಪ್ಪಣೆ ಸರಿಯಾಗಿ ಬಾರದೆ ಸುಮ್ಮನಿರುತ್ತವೆ, ಅಷ್ಟೆ. ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್ ಎಂಬ ವಿಧಾನ ಆ ಅಪ್ಪಣೆಯನ್ನು ಹೊರಗಿನಿಂದ ಕೊಡುತ್ತದೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ, ನರ ಚರ್ಮಕ್ಕೆ ಹತ್ತಿರವಾಗಿ ಹಾಯುವ ಕಡೆ ಒಂದು ಪ್ಯಾಡ್, ಮೊಣಕಾಲಿಗೂ ಪಾದಕ್ಕೂ ನಡುವೆ ಮುಂಬದಿಯ ಸ್ನಾಯುವಿನ ಮೇಲೆ ಇನ್ನೊಂದು, ಹಿಮ್ಮಡಿಯ ಕೆಳಗೆ ಒಂದು ಪುಟ್ಟ ಸ್ವಿಚ್. ಹಿಮ್ಮಡಿ ನೆಲ ಬಿಟ್ಟ ಕ್ಷಣ ಕರೆಂಟ್ ಹರಿದು ಪಾದ ಮೇಲೇಳುತ್ತದೆ, ಹಿಮ್ಮಡಿ ಊರಿದಾಗ ನಿಲ್ಲುತ್ತದೆ. ಮೊದಲ ದಿನ ಮಗಳು ‘ಇರುವೆ ಹರಿದ ಹಾಗಾಗುತ್ತೆ ಅಪ್ಪಾ’ ಎಂದಳು; ಹತ್ತು ಹೆಜ್ಜೆಯಾದ ಮೇಲೆ ಇರುವೆಯ ಮಾತೇ ಇರಲಿಲ್ಲ, ತನ್ನ ಪಾದವನ್ನೇ ನೋಡುತ್ತಿದ್ದಳು. ಕಾಲಿನ ನರವೇ ಕೆಟ್ಟಿದ್ದರೆ, ಉದಾಹರಣೆಗೆ ಪೋಲಿಯೊದಲ್ಲಿ, ಇದು ಕೆಲಸ ಮಾಡದು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು.

ಇದು ಹೊಸದೇನೂ ಅಲ್ಲ. ಅಮೆರಿಕದ ಲಿಬರ್ಸನ್ ಮತ್ತು ಸಂಗಡಿಗರು ಪಾರ್ಶ್ವವಾಯು ಪೀಡಿತರ ಮೇಲೆ ಇದನ್ನು ಬಳಸಿ ವರದಿ ಮಾಡಿದ್ದು 1961ರಲ್ಲಿ. ಮಿದುಳು ಅಥವಾ ಬೆನ್ನುಹುರಿಯ ತೊಂದರೆಯಿಂದ ಪಾದ ಜೋತುಬಿದ್ದವರಿಗೆ ಇದನ್ನು ಬಳಸಬಹುದೆಂದು ಚಿಕಿತ್ಸೆಗಳನ್ನು ಪರಿಶೀಲಿಸಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2009ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಿಂತು ನಡೆಯಲಾಗದವರಿಗೆ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಸರದಿಯಂತೆ ಕರೆಂಟ್ ಕೊಟ್ಟು ಪೆಡಲ್ ತುಳಿಸುವ ಸೈಕಲ್ಲೂ ಇದೆ. ಆದರೆ ಇದು ಕಾಯಿಲೆಯನ್ನು ವಾಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಟ್ಟಿಕೊಂಡಿರುವಷ್ಟು ಹೊತ್ತು ನಡಿಗೆ ಸುಧಾರಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಬಿಚ್ಚಿಟ್ಟ ಮೇಲೂ ಉಳಿಯುವ ಲಾಭದ ಬಗ್ಗೆ ಆಧಾರ ಅಷ್ಟು ಗಟ್ಟಿಯಾಗಿಲ್ಲ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ಸ್ವಲ್ಪ ಹೊತ್ತು ಉಲ್ಬಣಿಸುವುದರಿಂದ ನಾವು ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಸುತ್ತೇವೆ.

ಒಂದು ತೊಡಕನ್ನು ಮಾತ್ರ ಯಂತ್ರ ಮಾಡಿದವರು ಯೋಚಿಸಿರಲಾರರು. ಹಿಮ್ಮಡಿಯ ಸ್ವಿಚ್ ಇರುವುದು ಬೂಟಿನೊಳಗೆ. ನಮ್ಮ ಮನೆಗಳಲ್ಲಿ ಬೂಟು ಹಾಕಿಕೊಂಡು ಅಡುಗೆಮನೆಗೆ ಹೋಗುವವರು ಯಾರು? ಅವಳು ಎಡವುವುದಂತೂ ಅಲ್ಲೇ. ಕೊನೆಗೆ ದಪ್ಪ ಕಾಲುಚೀಲದೊಳಗೆ ಸ್ವಿಚ್ ಹೊಲಿದುಕೊಟ್ಟವಳು ನನ್ನ ಹೆಂಡತಿ. ಇಂಥ ಹೊಂದಾಣಿಕೆಗಳನ್ನು ಹೇಳಿಕೊಡಬಲ್ಲ, ಪ್ಯಾಡ್ ಅರ್ಧ ಬೆರಳು ಸರಿದರೆ ಪಾದ ಓರೆಯಾಗಿ ತಿರುಗುವುದನ್ನು ಕಂಡು ಸರಿಪಡಿಸಬಲ್ಲ ಒಬ್ಬರಾದರೂ ಜಿಲ್ಲೆಯಲ್ಲಿ ಇರಬೇಡವೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೂ ಹೆಸರಿಸಿದೆ. ಹಾಗಿರುವಾಗ ಪ್ರತಿ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಇಂಥ ಒಂದೆರಡು ಯಂತ್ರ ಕೊಟ್ಟು, ಸಿಬ್ಬಂದಿಗೆ ತರಬೇತಿ ಕೊಡಿಸಿ, ಕೊಳ್ಳುವ ಮುನ್ನ ರೋಗಿಯು ನಾಲ್ಕು ವಾರ ಬಳಸಿ ನೋಡಲು ಅವಕಾಶ ಮಾಡಿಕೊಡಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇನೆ. ಎಲ್ಲರ ಕಾಲಿಗೂ ಇದು ಒಗ್ಗುವುದಿಲ್ಲ. ಒಗ್ಗದ ಯಂತ್ರವನ್ನು ಸಾಲ ಮಾಡಿ ಕೊಂಡು ಅಟ್ಟಕ್ಕೆ ಏರಿಸುವ ಸ್ಥಿತಿ ಯಾರಿಗೂ ಬರಬಾರದು.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾಸನ